ಪೌರನೀತಿ ಪುಸ್ತಕ ಹುಡುಕುತ್ತಾ ಹೋಗಿ ಗ್ರಾಮ ಸಭೆಯಲ್ಲಿ ಕೂತಿದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ಹೈಸ್ಕೂಲಿನಲ್ಲಿ ಪೌರನೀತಿ ಪಾಸಾಗಿದ್ದು ಉರು ಹೊಡೆದು. ಲೋಕಸಭೆಗೆ ನಿಲ್ಲಲು 25 ವರ್ಷ, ರಾಜ್ಯಸಭೆಗೆ 30, ರಾಷ್ಟ್ರಪತಿ ಆಗಲು 35. ಈಗಲೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೆ ಹೇಳುತ್ತೇನೆ. ಆದರೆ ಹೋದ ವರ್ಷ ಮಗಳು "ಅಮ್ಮ, ನಮ್ಮ ಬೀದಿ ದೀಪ ಕೆಟ್ಟು ಮೂರು ವಾರ ಆಯ್ತು, ಯಾರಿಗೆ ಹೇಳ್ಬೇಕು?" ಅಂತ ಕೇಳಿದಾಗ ಮನೆಯಲ್ಲಿ ಮೂರು ಜನ ಮೂರು ಉತ್ತರ ಕೊಟ್ಟೆವು. ನಾನು ಕೆಇಬಿಯವರಿಗೆ ಅಂದೆ. ನಮ್ಮ ಯಜಮಾನರು ಎಂಎಲ್‌ಎ ಕಡೆಯವರಿಗೆ ಒಂದು ಮಾತು ಹಾಕೋಣ ಅಂದರು. ಮಾವ ಪೇಪರ್‌ನಿಂದ ತಲೆ ಎತ್ತದೆ "ನೀರುಗಂಟಿಗೆ ಹೇಳಿದ್ರೆ ಆಯ್ತಪ್ಪ" ಅಂದರು. ಸರಿ ಉತ್ತರಕ್ಕೆ ಹತ್ತಿರ ಇದ್ದಿದ್ದು ಮಾವನದ್ದೇ, ಯಾಕಂದ್ರೆ ಬೀದಿ ದೀಪ ಗ್ರಾಮ ಪಂಚಾಯ್ತಿಯ ಕೆಲಸ, ನೀರುಗಂಟಿ ಪಂಚಾಯ್ತಿಯವನು. ಎರಡೆರಡು ಡಿಗ್ರಿ ಇರುವ ನಮಗಿಬ್ಬರಿಗೂ ಅದು ಗೊತ್ತಿರಲಿಲ್ಲ.

ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ತೆಂಗಿನ ತೋಟ, ಎರಡು ಹಸು, ಇಬ್ಬರು ಮಕ್ಕಳು. ಮಗಳಿಗೆ 15, ಮಗನಿಗೆ 13. ಆರು ವರ್ಷದಿಂದ ಇಬ್ಬರದ್ದೂ ಮನೆಯಲ್ಲೇ ಓದು. ಯಾಕೆ ಶಾಲೆ ಬಿಡಿಸಿದೆವು ಅನ್ನುವುದು ದೊಡ್ಡ ಕಥೆ, ಇಲ್ಲಿ ಬೇಡ. ಮಗಳಿಗೆ ಎನ್‌ಐಒಎಸ್‌ನಲ್ಲಿ (ಶಾಲೆಗೆ ಹೋಗದವರೂ ಪರೀಕ್ಷೆ ಬರೆಯಬಹುದಾದ ಕೇಂದ್ರದ ಮುಕ್ತ ಶಾಲಾ ಸಂಸ್ಥೆ ಅದು) ಸೆಕೆಂಡರಿ ಕಟ್ಟಿಸಿದ್ದೇವೆ. 14 ತುಂಬಿದ್ದರೆ ಕಟ್ಟಬಹುದು, ನಮ್ಮ ಎಸ್ಸೆಸ್ಸೆಲ್ಸಿಗೆ ಸಮ. ಐದು ವಿಷಯದಲ್ಲಿ ಸಮಾಜ ವಿಜ್ಞಾನವೂ ಒಂದು. ಗಣಿತಕ್ಕೆ ಪುಸ್ತಕ ಆರಿಸುವುದು ನನಗೆ ಕಷ್ಟ ಆಗಲಿಲ್ಲ, ವಿಜ್ಞಾನಕ್ಕೂ ಇಲ್ಲ. ಸರ್ಕಾರ, ಸಂವಿಧಾನ, ಚುನಾವಣೆ ಅಂತ ಬಂದಾಗ ಮಾತ್ರ ಒಂದು ವರ್ಷ ಪೂರ್ತಿ ತಡಕಾಡಿದೆ. ಅದರ ಕಥೆ ಇದು.

ಮೊದಲು ಹೋಗಿದ್ದು ಹಾಸನದಲ್ಲಿ ಒಂದು ಪುಸ್ತಕದ ಅಂಗಡಿಗೆ. ಸಂವಿಧಾನದ ಬಗ್ಗೆ ಮಕ್ಕಳಿಗೆ ಓದಲು ಏನಾದರೂ ಇದೆಯಾ ಅಂತ ಕೇಳಿದೆ. ಅಂಗಡಿಯ ಹುಡುಗ "ಕೆಎಎಸ್‌ಗಾ ಮೇಡಂ, ಪಿಡಿಒಗಾ, ಎಫ್‌ಡಿಎಗಾ?" ಅಂದ. ಅವನ ಕಪಾಟು ಜೋಡಿಸಿದ್ದೇ ಹಾಗೆ, ಯಾವ ಕೆಲಸಕ್ಕೆ ಎಷ್ಟು ಸಂವಿಧಾನ ಬೇಕೋ ಅಷ್ಟು. ಯಾವ ಪರೀಕ್ಷೆಗೂ ಅಲ್ಲ, ಸುಮ್ನೆ ತಿಳಿದುಕೊಳ್ಳೋಕೆ ಅಂದಾಗ ಅವನು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಕೊನೆಗೆ ದಪ್ಪನೆಯ ಒಂದು ಪ್ರಶ್ನೋತ್ತರದ ಪುಸ್ತಕ ತಂದೆ.

ಅದು ಮನೆಯಲ್ಲಿ ಒಂದು ವಾರ ಬಾಳಿತು. ವಿಧಿ 17 ಯಾವುದಕ್ಕೆ ಸಂಬಂಧಿಸಿದ್ದು? ಅಸ್ಪೃಶ್ಯತೆ ನಿವಾರಣೆ. ಮುಂದಿನ ಪ್ರಶ್ನೆ, ವಿಧಿ 18 ಯಾವುದಕ್ಕೆ? ಬಿರುದುಗಳ ರದ್ದತಿ. ಮಗಳು ಎರಡನ್ನೂ ಓದಿ, "ಅಮ್ಮ, ಎರಡಕ್ಕೂ ಒಂದೊಂದೇ ಮಾರ್ಕ್ಸಾ?" ಅಂದಳು. ತಮಾಷೆಗೆ ಕೇಳಿದ್ದಲ್ಲ. ಸಾವಿರಾರು ವರ್ಷದ ಅವಮಾನ ಒಂದು ಸಾಲು, ರಾವ್ ಬಹದ್ದೂರ್ ಪದವಿ ಇನ್ನೊಂದು ಸಾಲು, ಎರಡೂ ಒಂದೇ ತೂಕ. ನಾನು ಓದಿದ್ದೂ ಹೀಗೇ ಅಲ್ವಾ ಅನ್ನಿಸಿತು. ಪುಸ್ತಕ ಅಟ್ಟಕ್ಕೆ ಹೋಯಿತು.

ಆಮೇಲೆ ಡಲ್ಲಾಸ್‌ನಲ್ಲಿರುವ ನಾದಿನಿ ಐಸಿವಿಕ್ಸ್ ನೋಡಿ ಅಂತ ಕಳಿಸಿದಳು. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಸಾಂಡ್ರಾ ಡೇ ಒಕಾನರ್ ನಿವೃತ್ತರಾದ ಮೇಲೆ 2009ರಲ್ಲಿ ಶುರು ಮಾಡಿಸಿದ್ದು ಅದು, ದುಡ್ಡಿಲ್ಲ, ಎಲ್ಲ ಕಂಪ್ಯೂಟರ್ ಆಟ. ಒಂದರಲ್ಲಿ ನೀವು ವಕೀಲರ ಆಫೀಸು ನಡೆಸಬೇಕು. ಜನ ಬಂದು ತಮ್ಮ ದೂರು ಹೇಳುತ್ತಾರೆ, ಇವರಿಗೆ ನಿಜವಾಗಿ ಹಕ್ಕಿದೆಯಾ ಇಲ್ಲವಾ ಅಂತ ನೀವು ತೀರ್ಮಾನ ಮಾಡಿ ಸರಿಯಾದ ವಕೀಲರನ್ನು ಕೊಡಬೇಕು. ಮಕ್ಕಳು ಊಟಕ್ಕೆ ಕರೆದರೂ ಏಳಲಿಲ್ಲ. ನಾನೂ ಕದ್ದು ಆಡಿದೆ. ಎರಡು ವಾರದಲ್ಲಿ ಮಗನಿಗೆ ಅವರ ಹಕ್ಕುಗಳ ತಿದ್ದುಪಡಿಗಳು ನಂಬರ್ ಸಮೇತ ಬಂದವು. ನಮ್ಮ ಮೂಲಭೂತ ಹಕ್ಕು ಒಂದೂ ಇಲ್ಲ.

ಆದರೆ ಅದರಿಂದ ಒಂದು ಲಾಭ ಆಯಿತು. "ಅಲ್ಲಿ ಅಧ್ಯಕ್ಷರು ಮಸೂದೆ ವಾಪಸ್ ಕಳಿಸ್ತಾರೆ, ಮೂರರಲ್ಲಿ ಎರಡು ಭಾಗ ಜನ ಒಪ್ಪಿದ್ರೆ ಮಾತ್ರ ಅವರನ್ನ ಮೀರಬಹುದು, ನಮ್ಮಲ್ಲಿ?" ಅಂತ ಮಗ ಕೇಳಿದ. ಆಗ ವಿಧಿ 111 ತೆಗೆದು ಓದಿದೆವು. ನಮ್ಮ ರಾಷ್ಟ್ರಪತಿ ಒಂದು ಸಲ ವಾಪಸ್ ಕಳಿಸಬಹುದು, ಸಂಸತ್ತು ಮತ್ತೆ ಅದನ್ನೇ ಪಾಸು ಮಾಡಿ ಕಳಿಸಿದರೆ ಒಪ್ಪಿಗೆ ಕೊಡಲೇಬೇಕು. ಆದರೆ ಇಷ್ಟು ದಿನದಲ್ಲಿ ಸಹಿ ಹಾಕಿ ಅಂತ ಎಲ್ಲೂ ಬರೆದಿಲ್ಲ. 1986ರಲ್ಲಿ ಜನರ ಕಾಗದ ಒಡೆದು ಓದಲು ಸರ್ಕಾರಕ್ಕೆ ಅವಕಾಶ ಕೊಡುವ ಅಂಚೆ ಮಸೂದೆ ಪಾಸಾದಾಗ ಆಗಿನ ರಾಷ್ಟ್ರಪತಿ ಜೈಲ್ ಸಿಂಗ್ ಸಹಿಯನ್ನೂ ಹಾಕಲಿಲ್ಲ, ವಾಪಸ್ಸೂ ಕಳಿಸಲಿಲ್ಲ, ಸುಮ್ಮನೆ ಇಟ್ಟುಕೊಂಡರು. ಮಗನಿಗೆ ಈ ಉಪಾಯ ಎಷ್ಟು ಹಿಡಿಸಿತು ಅಂದರೆ ಹಸುವಿನ ಕೊಟ್ಟಿಗೆ ಗುಡಿಸು ಅಂದರೆ ಆಗಲ್ಲ ಅನ್ನುವುದನ್ನೂ ಬಿಟ್ಟ, ಗುಡಿಸುವುದನ್ನೂ ಬಿಟ್ಟ. ಕೇಳಿದರೆ "ಪರಿಶೀಲನೆಯಲ್ಲಿದೆ".

ಪುಸ್ತಕ ಅಂತ ಕೊನೆಗೆ ನಮ್ಮ ಮನೆಯಲ್ಲಿ ನಿಂತಿದ್ದು ಎನ್‌ಸಿಇಆರ್‌ಟಿ ಒಂಬತ್ತನೇ ತರಗತಿಯ ಡೆಮಾಕ್ರಟಿಕ್ ಪಾಲಿಟಿಕ್ಸ್, 2006ರಲ್ಲಿ ಬಂದಿದ್ದು. ಹಳೇ ಪ್ರತಿ ಒಂದು ಸ್ನೇಹಿತೆಯ ಮನೆಯಲ್ಲಿತ್ತು. ಅದರಲ್ಲಿ ಸಂಸ್ಥೆಗಳು ಹೇಗೆ ಕೆಲಸ ಮಾಡುತ್ತವೆ ಅಂತ ಒಂದು ಪಾಠ ಇದೆ. ಅದು ಶುರುವಾಗುವುದು ಸಂಸತ್ತು ಎಂದರೇನು ಅಂತಲ್ಲ. 1990ರ ಆಗಸ್ಟ್ 13ರಂದು ಕೇಂದ್ರ ಸರ್ಕಾರ ಹೊರಡಿಸಿದ ಒಂದು ಆದೇಶದಿಂದ. ಆದೇಶದ ನಂಬರನ್ನೂ ಕೊಟ್ಟಿದ್ದಾರೆ, 36012/31/90. ಹಿಂದುಳಿದ ವರ್ಗಗಳಿಗೆ ಕೇಂದ್ರದ ಕೆಲಸಗಳಲ್ಲಿ ಶೇ. 27 ಮೀಸಲಾತಿ ಅನ್ನುವ ಮಂಡಲ್ ಆದೇಶ. ಆ ಒಂದು ಹಾಳೆಯ ಬಾಲ ಹಿಡಿದುಕೊಂಡು ಇದಕ್ಕೆ ಸಹಿ ಹಾಕಿದವರು ಯಾರು, ಹಾಕಿಸಿದವರು ಯಾರು, ಸಂಪುಟದಲ್ಲಿ ಏನಾಯಿತು, ಸಂಸತ್ತಿನಲ್ಲಿ ಏನು ಮಾತಾಡಿದರು, ಬೀದಿಯಲ್ಲಿ ಯಾಕೆ ಗಲಾಟೆ ಆಯಿತು, 1992ರಲ್ಲಿ ಇಂದ್ರಾ ಸಾಹ್ನಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಏನು ಹೇಳಿತು ಅಂತ ಹೋಗುತ್ತಾರೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಮೂರೂ ಆ ದಾರಿಯಲ್ಲೇ ಬಂದು ಹೋಗುತ್ತವೆ. ಮಧ್ಯೆ ಮಧ್ಯೆ ಉನ್ನಿ, ಮುನ್ನಿ ಅಂತ ಎರಡು ಚಿತ್ರದ ಮಕ್ಕಳು ಬಂದು ತಲೆಹರಟೆ ಪ್ರಶ್ನೆ ಕೇಳುತ್ತಾರೆ. ನನ್ನ ಮಕ್ಕಳಿಗೆ ಪಾಠಕ್ಕಿಂತ ಅವರೇ ಇಷ್ಟ ಆದರು.

ಪುಸ್ತಕ ಇಂಗ್ಲಿಷಿನದ್ದು, ನಮ್ಮ ಮಾತು ಕನ್ನಡದ್ದು. ಪದಗಳಿಗೆ ರಾಜ್ಯ ಸರ್ಕಾರದ ಸಮಾಜ ವಿಜ್ಞಾನ ಪುಸ್ತಕ ಪಕ್ಕದಲ್ಲಿ ಇಟ್ಟುಕೊಂಡೆವು. ಆ ಪುಸ್ತಕದ ರಾಜ್ಯಶಾಸ್ತ್ರದ ಭಾಗ ಒಣಗಿದೆ ಅಂತಲೇ ನನ್ನ ಅಭಿಪ್ರಾಯ, ಆದರೆ ಪದಕ್ಕೆ ಅದೇ ಬೇಕು. ಅಲ್ಲಿ ಸಿಕ್ಕಿದ್ದು ಸುಗ್ರೀವಾಜ್ಞೆ. ಮಗ "ಸುಗ್ರೀವ ಯಾವಾಗ ಸರ್ಕಾರದಲ್ಲಿದ್ದ?" ಅಂದ. ಮಾವ ಅವತ್ತು ಪೇಪರ್ ಕೆಳಗಿಟ್ಟರು. ಸೀತೆಯನ್ನು ಹುಡುಕಲು ಕಪಿಗಳನ್ನು ಕಳಿಸುವಾಗ ತಿಂಗಳೊಳಗೆ ವಾಪಸ್ ಬರದಿದ್ದರೆ ತಲೆ ಹೋಗುತ್ತದೆ ಅಂದನಲ್ಲ ಸುಗ್ರೀವ, ಮರುಮಾತಿಲ್ಲದ ಆಜ್ಞೆ ಅಂದರೆ ಅದು, ಅಂತ ಅರ್ಧ ಗಂಟೆ ಕಿಷ್ಕಿಂಧಾ ಕಾಂಡ ನಡೆಯಿತು. ಆಮೇಲೆ ನಾನು ವಿಧಿ 213 ತೆಗೆದೆ. ಸದನ ನಡೆಯದಿರುವಾಗ ಮಾತ್ರ ರಾಜ್ಯಪಾಲರು ಹೊರಡಿಸಬಹುದು, ಸದನ ಮತ್ತೆ ಸೇರಿ ಆರು ವಾರದೊಳಗೆ ಒಪ್ಪಿಗೆ ಸಿಗದಿದ್ದರೆ ಬಿದ್ದುಹೋಗುತ್ತದೆ. "ಹಾಗಾದ್ರೆ ಇವರ ಆಜ್ಞೆಗೇ ಗಡುವು, ಸುಗ್ರೀವನದ್ದು ಕಪಿಗಳಿಗೆ ಗಡುವು" ಅಂದಳು ಮಗಳು. ಪರೀಕ್ಷೆಯಲ್ಲಿ ಹೀಗೆ ಬರೆದರೆ ಮಾರ್ಕ್ಸ್ ಕೊಡುತ್ತಾರೋ ಇಲ್ಲವೋ.

ಇಷ್ಟರಲ್ಲಿ ಬೇರೆ ಒಂದು ತಲೆನೋವು ಶುರುವಾಗಿತ್ತು. ನಮ್ಮ ಮನೆಯಲ್ಲಿ ರಾಜಕೀಯ ಒಂದೇ ಬಣ್ಣದ್ದಲ್ಲ. ಮಾವ ಒಂದು ಪಕ್ಷ, ನಾನು ಇನ್ನೊಂದು ಕಡೆ ವಾಲುವವಳು, ನಮ್ಮ ಯಜಮಾನರು ಯಾರು ಗೆದ್ದರೂ ನಾವು ಕಾಯಿ ಕೀಳೋದು ತಪ್ಪುತ್ತಾ ಅನ್ನುವವರು. ನಾನು ಏನಾದರೂ ವಿಡಿಯೊ ತೋರಿಸಿದರೆ ಮಗಳು "ಇದು ನಿನ್ನ ಕಡೆಯವರದ್ದಾ, ತಾತನ ಕಡೆಯವರದ್ದಾ?" ಅಂತ ಮೊದಲೇ ಕೇಳುತ್ತಿದ್ದಳು. ಹದಿನೈದರ ವಯಸ್ಸಿನ ಮಕ್ಕಳ ಮೂಗು ಬಹಳ ಚುರುಕು. ಅಪ್ಪ ಅಮ್ಮ ತಮ್ಮ ಅಭಿಪ್ರಾಯಕ್ಕೆ ಪಾಠದ ರಟ್ಟು ಹಾಕಿ ಕೊಡುತ್ತಿದ್ದಾರೆ ಅಂತ ಒಂದು ಸಲ ಅನ್ನಿಸಿದರೆ ಮುಗಿಯಿತು, ಆಮೇಲೆ ನೀವು ಏನು ಕೊಟ್ಟರೂ ಓದುವುದಿಲ್ಲ. ಶಾಲೆಯಲ್ಲಾದರೆ ಆರು ಜನ ಮೇಷ್ಟ್ರು ಇರುತ್ತಾರೆ, ಆರು ಥರ ಮಾತು ಕಿವಿಗೆ ಬೀಳುತ್ತದೆ. ಮನೆಯಲ್ಲಿ ಮೂರು ಹೊತ್ತೂ ನನ್ನದೇ ದನಿ. ಹೋಮ್‌ಸ್ಕೂಲಿಂಗ್‌ನ ನಿಜವಾದ ಕೊರತೆ ಇದು ಅಂತ ನನಗೆ ಅನ್ನಿಸುತ್ತದೆ, ಲ್ಯಾಬ್ ಇಲ್ಲ, ಆಟದ ಮೈದಾನ ಇಲ್ಲ ಅನ್ನುವುದೆಲ್ಲ ಆಮೇಲೆ.

ಅದಕ್ಕೆ ನಾನು ಸಂವಿಧಾನ ಸಭೆಯ ಚರ್ಚೆಗಳಿಗೆ ಹೋದೆ. ಅವು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ, ದಿನಾಂಕದ ಪ್ರಕಾರ. ಒಬ್ಬರು ಒಂದು ಹೇಳುತ್ತಾರೆ, ಇನ್ನೊಬ್ಬರು ಎದ್ದು ಅಲ್ಲ ಅನ್ನುತ್ತಾರೆ, ಇಬ್ಬರೂ ಬುದ್ಧಿವಂತರೇ. ಪೂರ್ತಿ ಓದಿಸಲು ಹೋಗಬೇಡಿ, ನಾನು ಆ ತಪ್ಪು ಮಾಡಿದೆ. ಸುಮಾರು ಮೂರು ವರ್ಷದ ಮಾತು ಅದು, ಮೂರನೇ ದಿನಕ್ಕೇ ಮಕ್ಕಳು ಆಕಳಿಸಿದರು. ಆಮೇಲೆ ವಾರಕ್ಕೆ ಒಂದೇ ಚರ್ಚೆ, ಎರಡು ಪುಟ ಮಾತ್ರ ಅಂತ ಮಾಡಿದೆ. ಮೊದಲು ನಮ್ಮವರಿಂದ ಶುರು. ಮೈಸೂರಿನಿಂದ ಹೋಗಿದ್ದ ಕೆ. ಹನುಮಂತಯ್ಯನವರು 1949ರ ನವೆಂಬರ್‌ನಲ್ಲಿ, ನಮಗೆ ಬೇಕಾಗಿದ್ದು ವೀಣೆ ಸಿತಾರ್‌ನ ಸಂಗೀತ, ಇಲ್ಲಿ ಕೇಳುತ್ತಿರುವುದು ಇಂಗ್ಲಿಷ್ ಬ್ಯಾಂಡು ಅಂತ ಸಂವಿಧಾನವನ್ನೇ ಮುಖದ ಮೇಲೆ ಹೊಡೆದ ಹಾಗೆ ಟೀಕೆ ಮಾಡಿದ್ದರು. ವಿಧಾನಸೌಧ ಕಟ್ಟಿಸಿದ ಮುಖ್ಯಮಂತ್ರಿ ಅಂತಷ್ಟೇ ಗೊತ್ತಿತ್ತು ನಮಗೆ. ಬರೆಯುವವರ ಮಧ್ಯೆಯೇ ಕೂತು ಇದು ಸರಿಯಾಗಿಲ್ಲ ಅನ್ನಬಹುದಿತ್ತು ಅನ್ನುವುದು ಮಕ್ಕಳಿಗೆ ದೊಡ್ಡ ಸುದ್ದಿ. ಇನ್ನೊಂದು ಕಡೆ, ಸಂವಿಧಾನದ ಮೊದಲ ಕರಡು ಸಿದ್ಧ ಮಾಡಿದ ಸಲಹೆಗಾರರು ಬೆನಗಲ್ ನರಸಿಂಗ ರಾವ್, ನಮ್ಮ ಮಂಗಳೂರಿನವರು. ಬ್ಯಾಂಡು ನಮ್ಮವರದ್ದು, ವೀಣೆ ಕೇಳಿದವರೂ ನಮ್ಮವರೇ.

ಆದರೆ ಮನೆಯಲ್ಲಿ ಬೆಂಕಿ ಹತ್ತಿದ್ದು 1948ರ ನವೆಂಬರ್ 4ರ ಭಾಷಣದಿಂದ. ಅವತ್ತು ಅಂಬೇಡ್ಕರ್ ಕರಡನ್ನು ಸಭೆಯ ಮುಂದಿಟ್ಟರು. ಹಳ್ಳಿ ಅಂದರೆ ಕೂಪಮಂಡೂಕತನದ ಗುಂಡಿ, ಅಜ್ಞಾನ, ಸಣ್ಣತನ, ಕೋಮುಭಾವದ ಗವಿ ಅಲ್ಲದೆ ಇನ್ನೇನು ಅನ್ನುವ ಅರ್ಥದ ಮಾತು ಅದರಲ್ಲಿ ಬರುತ್ತದೆ. ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ, ಅದು ನನಗೆ ಸಂತೋಷ ಅಂತಲೂ ಹೇಳುತ್ತಾರೆ. ಮಗಳು ಇದನ್ನು ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿದಳು. ಮಾವನಿಗೆ ಸಿಟ್ಟು ಬಂತು. "ಹಳ್ಳಿ ಇಲ್ದೇ ಇದ್ರೆ ಇವರಿಗೆಲ್ಲ ಅನ್ನ ಎಲ್ಲಿಂದ ಬರ್ತಿತ್ತು?" ಅಂದರು. ಅವಳು "ತಾತ, ಅವರು ಅನ್ನದ ಬಗ್ಗೆ ಹೇಳ್ತಿಲ್ಲ" ಅಂದಳು. ಅವತ್ತು ಮಜ್ಜಿಗೆ ಅನ್ನಕ್ಕೆ ಯಾರೂ ಬರಲಿಲ್ಲ.

ಮಾರನೇ ವಾರ ನವೆಂಬರ್ 22ರ ಚರ್ಚೆ ತೆಗೆದೆ. ಗ್ರಾಮ ಪಂಚಾಯ್ತಿಗಳನ್ನು ಕಟ್ಟಲು ರಾಜ್ಯ ಕ್ರಮ ತೆಗೆದುಕೊಳ್ಳಬೇಕು ಅಂತ ಕೆ. ಸಂತಾನಂ ತಿದ್ದುಪಡಿ ತಂದರು, ಈಗಿನ ವಿಧಿ 40. ಅಂಬೇಡ್ಕರ್ ಅದನ್ನು ಒಪ್ಪಿಕೊಂಡರು. 18 ದಿನದ ಅಂತರ. ಅಷ್ಟು ಕಟುವಾಗಿ ಮಾತಾಡಿದವರು ಯಾಕೆ ಒಪ್ಪಿದರು ಅಂತ ನಾವು ಮೂರು ದಿನ ವಾದ ಮಾಡಿದೆವು. ಮಾವನೂ ಸೇರಿಕೊಂಡರು, ಅವರಿಗೆ ಪಂಚಾಯ್ತಿಯ ನೆನಪುಗಳಿದ್ದವು. 1987ರ ಮಂಡಲ ಪಂಚಾಯ್ತಿ ಚುನಾವಣೆ, ಅದಕ್ಕೆ ಮೊದಲು 1983ರಲ್ಲಿ ಕಾನೂನು ತಂದ ಸಚಿವ ಅಬ್ದುಲ್ ನಜೀರ್ ಸಾಬ್, ಊರೂರಿಗೆ ಬೋರ್‌ವೆಲ್ ಕೊರೆಸಿ ನೀರ್ ಸಾಬ್ ಅನ್ನಿಸಿಕೊಂಡಿದ್ದು. ಹೆಂಗಸರಿಗೆ ಶೇ. 25 ಮೀಸಲು ನಮ್ಮ ರಾಜ್ಯದಲ್ಲಿ ಆಗಲೇ ಇತ್ತು, ದೇಶಕ್ಕೆಲ್ಲ ಅನ್ವಯಿಸುವ 73ನೇ ತಿದ್ದುಪಡಿ ಬಂದಿದ್ದು 1992ರಲ್ಲಿ. ಯಾವ ಪುಸ್ತಕ ತಂದಿದ್ದರೂ ಮಾವ ಹೇಳಿದ ಹಾಗೆ ಇದನ್ನು ಹೇಳುತ್ತಿರಲಿಲ್ಲ. ಮನೆಯಲ್ಲೇ ಇದ್ದ ಈ ಪುಸ್ತಕವನ್ನು ನಾನು ವರ್ಷದ ಮಧ್ಯದವರೆಗೆ ತೆರೆದಿರಲೇ ಇಲ್ಲ.

ಆಮೇಲೆ ಮಗಳೇ ಹೇಳಿದಳು, ನೋಡಿಕೊಂಡು ಬರೋಣ ಅಂತ. ಪಂಚಾಯ್ತಿ ಬಾಗಿಲಿಗೆ ಗ್ರಾಮ ಸಭೆಯ ನೋಟಿಸ್ ಅಂಟಿಸಿದ್ದರು.

ಆರು ತಿಂಗಳಿಗೆ ಒಂದು ಸಲವಾದರೂ ಗ್ರಾಮ ಸಭೆ ಆಗಬೇಕು ಅಂತ 1993ರ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಮತದಾರರ ಪಟ್ಟಿಯಲ್ಲಿರುವ ಎಲ್ಲರೂ ಸದಸ್ಯರು. ಕೋರಂ, ಅಂದರೆ ಸಭೆ ನಡೆಯಲು ಕನಿಷ್ಠ ಇರಬೇಕಾದ ಜನ, ಹತ್ತರಲ್ಲಿ ಒಂದು ಭಾಗ ಅಥವಾ 100, ಯಾವುದು ಕಡಿಮೆಯೋ ಅದು. ಬೆಳಿಗ್ಗೆ 11ಕ್ಕೆ ಅಂತ ನೋಟಿಸ್, ಶುರುವಾಗಿದ್ದು 12 ದಾಟಿದ ಮೇಲೆ. ಮಗ ತಲೆ ಎಣಿಸಿದ. 41. ಅದರಲ್ಲಿ ನಾವು ಮೂವರು, ಮಕ್ಕಳಿಬ್ಬರಿಗೆ ಓಟೇ ಇಲ್ಲ. ಹಾಜರಿ ಪುಸ್ತಕ ಮಾತ್ರ ಕೈಯಿಂದ ಕೈಗೆ ಹೋಗುತ್ತಿತ್ತು, ಆಮೇಲೆ ಅದನ್ನು ಒಬ್ಬ ಹುಡುಗ ಬೈಕಿನ ಹಿಂದೆ ಇಟ್ಟುಕೊಂಡು ಊರೊಳಗೆ ಹೋದ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮಗ "ಅಮ್ಮ, ಕೋರಂ ಸ್ಕೂಟರ್ ಮೇಲೆ ಹೋಗ್ತಿದೆ" ಅಂದ, ಅದು ಸ್ಕೂಟರ್ ಅಲ್ಲ ಕಣೋ ಅಂತ ಮಗಳು ತಿದ್ದಿದಳು.

ಮಗಳು ನೋಟ್‌ಬುಕ್ಕಿನಲ್ಲಿ ಯಾರು ಎಲ್ಲಿ ಕೂತಿದ್ದಾರೆ ಅಂತ ಚಿತ್ರ ಬರೆಯುತ್ತಿದ್ದಳು. ಎದುರಿಗೆ ಟೇಬಲ್, ನೋಡಲ್ ಅಧಿಕಾರಿ, ಅಧ್ಯಕ್ಷರು, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಅಂದರೆ ಪಿಡಿಒ. ಮುಂದಿನ ಎರಡು ಸಾಲು ಕುರ್ಚಿಯಲ್ಲಿ ಊರಿನ ಗಂಡಸರು. ಬಲಗಡೆ ಜಮಖಾನದ ಮೇಲೆ ಸ್ತ್ರೀಶಕ್ತಿ ಸಂಘದ ಹೆಂಗಸರು. ಹಿಂದೆ ಹದಿನೈದು ಇಪ್ಪತ್ತು ಖಾಲಿ ಕುರ್ಚಿ. ಅದರ ಹಿಂದೆ, ಕಾಂಪೌಂಡ್ ಪಕ್ಕದ ಹೊಂಗೆ ಮರದ ಕೆಳಗೆ, ದಲಿತರ ಕಾಲೋನಿಯ ಏಳೆಂಟು ಜನ ನಿಂತೇ ಇದ್ದರು. ಎರಡು ಗಂಟೆ. ಕುರ್ಚಿ ಖಾಲಿ ಇದ್ದವು, ಯಾರೂ ಕೂರಬೇಡಿ ಅನ್ನಲಿಲ್ಲ, ಯಾರೂ ಬನ್ನಿ ಕೂತ್ಕೊಳ್ಳಿ ಅಂತಲೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಇದನ್ನು ಬರೆಯುವಾಗಲೂ ಸಂಕಟ ಆಗುತ್ತದೆ, ಅವತ್ತು ನನಗೆ ಅದು ಕಣ್ಣಿಗೇ ಬಿದ್ದಿರಲಿಲ್ಲ. ಮನೆಗೆ ಬಂದು ಅವಳ ಚಿತ್ರ ನೋಡಿದಾಗ ಗೊತ್ತಾಯಿತು.

ಅದೇ ಸಭೆಯಲ್ಲಿ ಜಮಖಾನದಿಂದ ಒಬ್ಬಾಕೆ ಎದ್ದು, ಅಂಗನವಾಡಿ ಮುಂದಿನ ಚರಂಡಿ ಹೋದ ಸಲವೂ ಬರೆಸಿದ್ದೆವು, ಕ್ರಿಯಾ ಯೋಜನೆಯಲ್ಲಿ ಯಾಕೆ ಇಲ್ಲ ಅಂತ ಕೇಳಿದಳು. ಆಯ್ತಮ್ಮ ನೋಡೋಣ ಅಂದರು. ಆಕೆ ಕೂರಲಿಲ್ಲ. "ನೋಡೋದು ಬ್ಯಾಡ, ಈಗ ಬರೀರಿ, ಬರ್ದಿದ್ದು ಓದಿ ಹೇಳ್ರಿ." ಪಿಡಿಒ ನಡಾವಳಿ ಪುಸ್ತಕದಲ್ಲಿ ಬರೆದು, ಗಟ್ಟಿಯಾಗಿ ಓದಿ ಹೇಳಬೇಕಾಯಿತು. ಆ ಧೈರ್ಯದಲ್ಲಿ ನನ್ನ ಮಗಳೂ ಎದ್ದು ಬೀದಿ ದೀಪದ ವಿಷಯ ಹೇಳಿದಳು. ಅವಳದ್ದನ್ನೂ ಬರೆದುಕೊಂಡರು.

ರಾತ್ರಿ ಮಾವನಿಗೆ ಚಿತ್ರ ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಹೊಂಗೆ ಮರ ಎಡಗಡೆ ಅಲ್ಲ, ಬಲಗಡೆ ಇರೋದು ಅಂದರು. ಅಷ್ಟೇ. ಅನ್ನದ ಮಾತು ಮತ್ತೆ ಎತ್ತಲಿಲ್ಲ.

ದೀಪ ಎಂಟು ದಿನಕ್ಕೆ ಬಂತು. ಬಂದಿದ್ದು ಆರಲೇ ಇಲ್ಲ, ಹಗಲೂ ಉರಿಯುತ್ತದೆ. ಇದಕ್ಕೆ ಎಷ್ಟು ಕರೆಂಟ್ ಬಿಲ್ಲು ಅಂತ ಮಗ ಕೇಳಿದ್ದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ ಅಂತಾಯಿತು, ನನ್ನ ಹೆಸರಿನಲ್ಲಿ. 2005ರ ಕಾಯ್ದೆ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಪೋಸ್ಟಲ್ ಆರ್ಡರ್ ನಮ್ಮೂರ ಪೋಸ್ಟ್ ಆಫೀಸಲ್ಲಿ ಖಾಲಿ, ಮುಂದಿನ ಊರಲ್ಲೂ ಖಾಲಿ, ತಾಲ್ಲೂಕಿಗೆ ಹೋದೆವು. ಬಸ್ ಚಾರ್ಜು ಶುಲ್ಕಕ್ಕಿಂತ ಜಾಸ್ತಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಈ ನಿಯಮ ಜನರಿಗೆ ತೊಂದರೆ ಅಂತ ಅನೇಕರು ಹೇಳುತ್ತಾರೆ, ನನಗೂ ಹಾಗೇ ಅನ್ನಿಸುತ್ತದೆ, ಆದರೆ ನನ್ನ ಮಕ್ಕಳಿಗೆ ಬರೆಯುವುದನ್ನು ಕಲಿಸಿದ್ದು ಆ 150 ಪದವೇ. ಯಾವ ಪ್ರಬಂಧದ ಪುಸ್ತಕದಿಂದಲೂ ಆಗದ ಕೆಲಸ. ಯಾವ ವರ್ಷದ್ದು, ಯಾವ ದಾಖಲೆ, ಎಷ್ಟು ಪುಟ, ಅಂತ ನಿಖರವಾಗಿ ಕೇಳದಿದ್ದರೆ ಏನೂ ಸಿಗುವುದಿಲ್ಲ. 27ನೇ ದಿನಕ್ಕೆ ರಿಜಿಸ್ಟರ್ ಪೋಸ್ಟ್ ಬಂತು, ಒಳಗೆ ಬಿಲ್ಲಿನ ಜೆರಾಕ್ಸು, ಮೇಲೆ ದುಂಡಗಿನ ಸೀಲು. ಮಗ ಅದನ್ನು ಗೋಡೆಗೆ ಅಂಟಿಸಿದ್ದಾನೆ.

ಮಕ್ಕಳ ಗ್ರಾಮ ಸಭೆಗೂ ಹೋಗಿದ್ದೆವು, ಅದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಶಾಲೆಗಳಿಗೆ ನೋಟಿಸ್ ಹೋಗುತ್ತದೆ, ಶಾಲೆಗಳಿಂದ ಮಕ್ಕಳು ಬರುತ್ತಾರೆ, ಮೇಷ್ಟ್ರು ಬರೆದುಕೊಟ್ಟ ಬೇಡಿಕೆ ಓದುತ್ತಾರೆ. ನಮ್ಮ ಮಕ್ಕಳು ಯಾವ ಶಾಲೆಯ ಸಾಲಿನಲ್ಲಿ ಕೂರಬೇಕು ಅಂತ ಯಾರಿಗೂ ಗೊತ್ತಾಗಲಿಲ್ಲ. ಬಿಸ್ಕೆಟ್ ಮಾತ್ರ ಎಣಿಕೆಗೆ ಸರಿಯಾಗಿ ಕೊಟ್ಟರು.

ಕೋರ್ಟಿನ ವಿಷಯಕ್ಕೆ ನಾನು ಪುಸ್ತಕ ಹುಡುಕಲೇ ಇಲ್ಲ. ನಮ್ಮ ಸುತ್ತಮುತ್ತಲಿಂದ ಹೋದ ಕೇಸುಗಳನ್ನು ಸಂಜೆಗೊಂದರಂತೆ ಹೇಳಿದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಜಮೀನಿನ ವಿಷಯಕ್ಕೆ ಕೋರ್ಟಿಗೆ ಹೋಗಿ, 1973ರಲ್ಲಿ 13 ಜನ ನ್ಯಾಯಮೂರ್ತಿಗಳು ಕೂತು, 7ಕ್ಕೆ 6ರಲ್ಲಿ ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಮುಟ್ಟಬಾರದು ಅಂದಿದ್ದು. 1989ರಲ್ಲಿ ಎಸ್. ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದ್ದು, ಬಹುಮತ ತೀರ್ಮಾನ ಆಗಬೇಕಾದ್ದು ರಾಜಭವನದಲ್ಲಿ ಅಲ್ಲ, ಸದನದಲ್ಲಿ ಅಂತ 1994ರಲ್ಲಿ ಬಂದ ತೀರ್ಪು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಒಂಬತ್ತು ಜನ ಒಮ್ಮತದಿಂದ ಹೇಳಿದ ಕೇಸು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನದ್ದು. ಇದನ್ನು ಹೇಳಿದ ದಿನ ಮಗಳು ತನ್ನ ರೂಮಿಗೆ "ಬಾಗಿಲು ಬಡಿದು ಬಾ" ಅಂತ ಚೀಟಿ ಅಂಟಿಸಿದಳು.

ಮೋಹಿನಿ ಜೈನ್ ಕೇಸು ಮಾತ್ರ ನನಗೇ ತಿರುಗುಬಾಣ ಆಯಿತು. ಕರ್ನಾಟಕದ ಖಾಸಗಿ ಮೆಡಿಕಲ್ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000 ಅಂತ ಇದ್ದಿದ್ದನ್ನು ಉತ್ತರ ಪ್ರದೇಶದ ವಿದ್ಯಾರ್ಥಿನಿ ಪ್ರಶ್ನಿಸಿದ್ದು. 1992ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣವೂ ಹಕ್ಕು ಅಂದಿತು. ಮುಂದಿನ ವರ್ಷ ಇನ್ನೊಂದು ತೀರ್ಪು, 2002ರಲ್ಲಿ ಶಿಕ್ಷಣದ ಹಕ್ಕನ್ನು ಸಂವಿಧಾನಕ್ಕೇ ಸೇರಿಸಿದ ವಿಧಿ 21ಎ, 2009ರಲ್ಲಿ 6ರಿಂದ 14 ವರ್ಷದವರಿಗೆ ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಮಗ, "ನಂಗೆ 13, ಹಾಗಾದ್ರೆ ನನ್ನ ಹಕ್ಕನ್ನ ನೀನು ಇಟ್ಕೊಂಡಿದ್ದೀಯಾ?" ಅಂದ. ಕಾಯ್ದೆ ತೆಗೆದು ಓದಿದೆವು. ಅದರಲ್ಲಿ ಹೋಮ್‌ಸ್ಕೂಲಿಂಗ್ ಅನ್ನುವ ಪದವೇ ಇಲ್ಲ. ಶಾಲೆಗೆ ಹೋಗ್ತೀಯಾ ಅಂತ ನಿಜವಾಗಿಯೇ ಕೇಳಿದೆ. ಒಂದು ವಾರ ಟೈಮ್ ತೆಗೆದುಕೊಂಡ, ಈ ವರ್ಷ ಬೇಡ ಅಂದ. ಮುಂದಿನ ಜೂನ್‌ಗೆ ಮತ್ತೆ ಕೇಳಬೇಕು ಅಂತ ಬರೆಸಿಕೊಂಡು ಸಹಿ ಹಾಕಿಸಿಕೊಂಡಿದ್ದಾನೆ. ಬರೆದಿದ್ದನ್ನು ಗಟ್ಟಿಯಾಗಿ ಓದಿಸಿದ.

ಪರೀಕ್ಷೆಗೆ ಎನ್‌ಐಒಎಸ್‌ನ ಪುಸ್ತಕವೇ. ಕೊನೆಯ ಎರಡು ತಿಂಗಳು ಅದನ್ನು ಇಟ್ಟುಕೊಂಡು ಕೂತಳು, ಅಸೈನ್‌ಮೆಂಟ್ ಬರೆದಳು. ಬೇಸರದ ಕೆಲಸ, ಆದರೆ ಕಷ್ಟ ಆಗಲಿಲ್ಲ. ಉರು ಹೊಡೆಯುವುದೂ ಇತ್ತು, 25, 30, 35 ಎಲ್ಲ. ಅದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ.

ದುಡ್ಡಿನ ಲೆಕ್ಕ ಕೇಳುವವರಿಗೆ: ಅಟ್ಟ ಸೇರಿದ ಆ ದಪ್ಪ ಪುಸ್ತಕ ಬಿಟ್ಟರೆ ವರ್ಷ ಪೂರ್ತಿ ನಾವು ಖರ್ಚು ಮಾಡಿದ್ದು ಪೋಸ್ಟಲ್ ಆರ್ಡರ್, ಜೆರಾಕ್ಸು, ಬಸ್ ಚಾರ್ಜು. ಪಠ್ಯಪುಸ್ತಕ, ಚರ್ಚೆ, ಕಾಯ್ದೆ ಎಲ್ಲ ಪುಕ್ಕಟೆ ಸಿಕ್ಕಿದವು. ಪ್ರಿಂಟರ್ ಇಂಕು ಮಾತ್ರ ಎರಡು ಸಲ ಮುಗಿಯಿತು.

ಈಗ ಮಗಳು ಎರಡನೇ ಅರ್ಜಿ ಬರೆಯುತ್ತಿದ್ದಾಳೆ, ಹೋದ ಗ್ರಾಮ ಸಭೆಯ ಹಾಜರಿ ಪುಸ್ತಕದ ನಕಲು ಬೇಕಂತೆ. ಪಂಚಾಯ್ತಿಯವರು ದಿನಾ ಮುಖ ನೋಡುವವರು, ನನಗೆ ಸ್ವಲ್ಪ ಅಂಜಿಕೆ ಇದೆ, ಸಹಿ ನನ್ನದು ತಾನೇ. ಇವತ್ತು ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಹಾಳೆ ಹಿಡಿದುಕೊಂಡು ಬಂದಳು. "ಅಮ್ಮ, 163 ಆಗಿದೆ, ಯಾವುದು ತೆಗೀಲಿ?"

"ತಮ್ಮಲ್ಲಿ ವಿನಮ್ರವಾಗಿ ಕೇಳಿಕೊಳ್ಳುವುದೇನೆಂದರೆ ಅಂತ ಬರ್ದಿದ್ದೀಯಲ್ಲ, ಅದು ತೆಗಿ."

"ಅದು ಮೂರೇ ಪದ. ಇನ್ನೂ ಹತ್ತು?"

ಕಾವಲಿ ಮೇಲೆ ದೋಸೆ ಸೀಯುತ್ತಿತ್ತು. ತಾತನ್ನ ಕೇಳು ಅಂದೆ.